ಕಾಲ ಮಿಂಚಿತೆ?

‘ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’ ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಗಾದೆ ಸುಳ್ಳಾಗದೆಂದು ಹಿರಿಯರು ಹೇಳಿದ್ದಾರಾದರೂ, ಕಾರ್ಯವು ನಿಜವಾಗಿಯೂ ಮಿಂಚಿದೆಯೇ ಇಲ್ಲವೇ ಎಂಬುದನ್ನು ತಿಳಿಯುವ ಬಗೆ ಯಾವುದೆಂದು ಅದು ತಿಳಿಸುವುದಿಲ್ಲ. ಭೂಮಿಯ ಉಷ್ಣಮಾನ ಏರುತ್ತಿದೆ, ಮಳೆಯ ನಡೆ ಕೆಡುತ್ತಿದೆ ಎಂಬ ಸುದ್ದಿಯನ್ನು ದಿನವೂ ಓದುವ ನಮ್ಮ ಕಾಲೇಜಿನ ತರುಣರಲ್ಲಿ ಅನೇಕರು ಇಂದು ಈ ಗಾದೆಯ ಕಡೆಗೇ ವಾಲಿದ್ದಾರೆ. ‘ಇನ್ನೇನು ಮಾಡಿದರೂ ತಡವಾಯಿತು’ ಎಂಬುದು ಅವರ ತೀರ್ಮಾನ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಷ್ಟು ದೊಡ್ಡ ತೀರ್ಮಾನಕ್ಕೆ ಬಂದವರನ್ನು ಕಂಡಾಗ ಮರುಕವೂ ಆಗುತ್ತದೆ, ಭಯವೂ ಆಗುತ್ತದೆ. ಕಳೆದ ಡಿಸೆಂಬರಿನ ರಜೆಯಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಮೂರು ದಿನ ತಿರುಗಾಡುವ ಅವಕಾಶ ಒದಗಿದಾಗ, ಬಟ್ಟೆಬರೆಯ ಜತೆಗೆ ಈ ಪ್ರಶ್ನೆಯನ್ನೂ ಕಟ್ಟಿಕೊಂಡು ಹೊರಟೆ. ನೀರಿನ ಕೊರತೆ ಮತ್ತು ನೀರಿನ ಕೋಪ ಎರಡನ್ನೂ ಚೆನ್ನಾಗಿ ಬಲ್ಲ ನಾಡು ಅದು.

ಹೊಳೆಯ ಪೇಟೆ

ಮಂಗಳೂರಿನಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರು ಬಂದರೆ ಬಿ.ಸಿ. ರೋಡ್ ಸಿಗುತ್ತದೆ. ಹೊಸಬರು ಇದನ್ನೇ ಬಂಟ್ವಾಳವೆಂದು ತಿಳಿದು ಇಳಿದುಬಿಡುವುದುಂಟು. ಬಂಟ್ವಾಳಕ್ಕೆ ಹೋಗುವ ದಾರಿ ಕವಲೊಡೆಯುವ ಜಾಗವೆಂಬುದಷ್ಟೇ ಆ ಹೆಸರಿನ ಅರ್ಥ. ಹಳೆಯ ಪೇಟೆಯು ಅಲ್ಲಿಂದ ಒಳಕ್ಕೆ, ನೇತ್ರಾವತಿಯ ದಂಡೆಗೆ ಅಂಟಿಕೊಂಡು ಬೆಳೆದಿದೆ. ಒಳ್ಳೆಯ ರಸ್ತೆಗಳಿಲ್ಲದ ಕಾಲದಲ್ಲಿ ಘಟ್ಟದ ಮೇಲಿನಿಂದ ಬಂದ ಸರಕು ಇಲ್ಲಿ ದೋಣಿಯೇರಿ ಮಂಗಳೂರಿಗೆ ಇಳಿಯುತ್ತಿತ್ತು. ಆ ವ್ಯಾಪಾರದಿಂದಲೇ ಊರು ಬೆಳೆಯಿತು. ಕನ್ನಡದ ಮಕ್ಕಳಿಗೆ ಹಾಡನ್ನೂ ಕತೆಯನ್ನೂ ಕೊಟ್ಟ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ ಎಂಬುದನ್ನು ಕನ್ನಡದ ಮೇಷ್ಟ್ರಾದ ನಾನು ನೆನೆಯದೆ ಮುಂದಕ್ಕೆ ಹೋಗುವಂತಿಲ್ಲ.

ಊರನ್ನು ಬೆಳೆಸಿದ ಹೊಳೆಯೇ ಊರನ್ನು ಮುಳುಗಿಸಿದ್ದೂ ಉಂಟು. ಬಂಟ್ವಾಳದವರು ಕಾಲವನ್ನು ಎಣಿಸುವಾಗ 1923 ಮತ್ತು 1974 ಎಂಬ ಎರಡು ಇಸವಿಗಳು ತಾವಾಗಿಯೇ ನಾಲಗೆಗೆ ಬರುತ್ತವೆ. ಆ ಎರಡು ಮಹಾಪೂರಗಳನ್ನು ಇಲ್ಲಿಯ ತುಳುವರು ‘ಮಾರಿಬೊಳ್ಳ’ ಎಂದು ಕರೆಯುತ್ತಾರೆ. ಬೊಳ್ಳವೆಂದರೆ ನೆರೆ, ಮಾರಿಯೆಂದರೇನೆಂದು ಹೇಳಬೇಕಾಗಿಲ್ಲ. ಈಗ ಹೊಳೆಯ ಮಟ್ಟ 8.5 ಮೀಟರಿಗೆ ಏರಿದರೆ ಅಪಾಯವೆಂದು ಸರ್ಕಾರದವರು ಗೊತ್ತುಮಾಡಿದ್ದಾರೆ. ಮಳೆಗಾಲದಲ್ಲಿ ಪಾಣೆಮಂಗಳೂರಿನ ಆಲಡ್ಕದಂಥ ತಗ್ಗಿನ ಜಾಗಗಳಲ್ಲಿ ಇರುವವರು ಈ ಅಂಕಿಯನ್ನು ಪಂಚಾಂಗದ ತಿಥಿಯಂತೆ ನೋಡುತ್ತಿರುತ್ತಾರೆ.

ಪೇಟೆಯ ಒಂದು ಅಂಗಡಿಯಲ್ಲಿ ಬಾಯಾರಿಕೆಗೆ ಕುಳಿತಾಗ ಮಾತು ಈ ಕಡೆಗೇ ತಿರುಗಿತು. ಅಂಗಡಿಯ ಹಿರಿಯರು ನನ್ನ ಮಾತನ್ನು ಸಮಾಧಾನದಿಂದ ಕೇಳಿ, ಕೊನೆಗೆ, “ಅದೆಲ್ಲ ಸರಿ ಸರ್. ಆದರೆ 1923ರಲ್ಲಿ ಈ ರಸ್ತೆಯಲ್ಲಿ ಎಷ್ಟು ಮೋಟಾರು ಓಡುತ್ತಿತ್ತು? ಯಾವ ಕಾರ್ಖಾನೆಯ ಹೊಗೆ ಇತ್ತು? ಬೊಳ್ಳ ಬರಲಿಲ್ಲವಾ?” ಎಂದರು.

ಈ ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ಸೀಮೆಯಲ್ಲಿ ಹೊಳೆಯೊಂದು ಆಗಾಗ ದಂಡೆ ಮೀರುವುದು ಅದರ ಸ್ವಭಾವವೇ ಸರಿ. ಯಾವುದೇ ಒಂದು ನೆರೆಯನ್ನು ಬೆರಳಿಟ್ಟು ತೋರಿಸಿ, ಇದು ಕೇವಲ ಹೊಗೆಯ ಫಲವೆಂದು ಹೇಳಲು ಬರುವುದಿಲ್ಲ. ಆದರೆ ವಿಜ್ಞಾನಿಗಳು ಹೇಳುವುದು ಬೇರೆ. ಉಷ್ಣಮಾನ ಒಂದು ಡಿಗ್ರಿ ಏರಿದರೆ ಗಾಳಿಯು ಹಿಡಿದುಕೊಳ್ಳಬಲ್ಲ ನೀರಿನ ಆವಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಹೆಚ್ಚು ಹಿಡಿದ ಗಾಳಿ ಹೆಚ್ಚು ಸುರಿಯುತ್ತದೆ. ಸುರಿಯದ ದಿನಗಳಲ್ಲಿ ಕಾದ ಗಾಳಿ ನೆಲದ ತೇವವನ್ನು ಹೆಚ್ಚು ಹೀರುತ್ತದೆ. ಆದುದರಿಂದ ನೆರೆ ಮತ್ತು ಬರ ಎಂಬ ಎರಡು ತುದಿಗಳೂ ಒಟ್ಟಿಗೆ ಬಲಿಯುತ್ತವೆ.

ಎರಡು ತುದಿಗಳೂ ಒಂದೇ ವರ್ಷದಲ್ಲಿ ಈ ಹೊಳೆಯಲ್ಲಿ ಕಾಣಿಸಿಕೊಂಡದ್ದನ್ನು ವಾಚಕರಲ್ಲಿ ಹಲವರು ಬಲ್ಲರು. 2019ರ ಮೇ ತಿಂಗಳಲ್ಲಿ ಬಂಟ್ವಾಳದ ಕೆಳಗಣ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೀರು ಇಳಿದುಹೋಗಿ, ಅದನ್ನೇ ನಂಬಿದ ಮಂಗಳೂರು ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಅದೇ ತಿಂಗಳು ಧರ್ಮಸ್ಥಳದ ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರು, ನೇತ್ರಾವತಿಯಲ್ಲಿ ನೀರು ಕಡಿಮೆಯಾಗಿರುವುದರಿಂದ ಭಕ್ತರು ತಮ್ಮ ಯಾತ್ರೆಯನ್ನು ಮುಂದೂಡಬೇಕೆಂದು ಕೇಳಿಕೊಂಡರು. ಅನ್ನದಾನಕ್ಕೆ ಹೆಸರಾದ ಕ್ಷೇತ್ರವು ‘ಈಗ ಬರಬೇಡಿ’ ಎನ್ನಬೇಕಾಗಿ ಬಂದ ಕಾಲ ಅದು. ಅದಾಗಿ ಮೂರು ತಿಂಗಳು ತುಂಬುವ ಮೊದಲೇ, ಆಗಸ್ಟ್ ಎರಡನೆಯ ವಾರದಲ್ಲಿ, ಅದೇ ನೇತ್ರಾವತಿ ಅಪಾಯದ ಗುರುತನ್ನು ಬಹಳ ಮೇಲಕ್ಕೆ ದಾಟಿ ಬಂಟ್ವಾಳದ ಮನೆ, ಅಂಗಡಿಗಳೊಳಗೆ ನುಗ್ಗಿತು. ಅಂಗಡಿಯ ಹಿರಿಯರಿಗೆ ಇದನ್ನು ಜ್ಞಾಪಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದು, ಬೇಸಗೆಯಲ್ಲಿ ಹೊಳೆ ಹಾಗೆ ಒಣಗಿದ್ದನ್ನು ನನ್ನ ಅಪ್ಪ ನೋಡಿರಲಿಕ್ಕಿಲ್ಲ” ಎಂದರು.

ಬಂಟ್ವಾಳ ತಾಲೂಕಿನ ದಕ್ಷಿಣ ತುದಿಯಲ್ಲಿ, ಕೇರಳದ ಗಡಿಯ ಸಮೀಪ ಅಡ್ಯನಡ್ಕವೆಂಬ ಊರಿದೆ. ಅಲ್ಲಿಯ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಹಗಲು ಪರರ ತೋಟದಲ್ಲಿ ಅಡಿಕೆ, ತೆಂಗಿನ ಮರ ಹತ್ತುವ ಕೆಲಸ ಮಾಡುತ್ತಿದ್ದ ಇವರಿಗೆ ದೊರೆತಿದ್ದು ಗುಡ್ಡದ ಇಳಿಜಾರಿನಲ್ಲಿ ಎರಡು ಎಕರೆ ಬೋಳು ನೆಲ. ನೀರಿಗಾಗಿ ಅವರು ಗುಡ್ಡದ ಹೊಟ್ಟೆಗೆ ಸುರಂಗ ಕೊರೆಯತೊಡಗಿದರು. ಬಂಟ್ವಾಳ, ಕಾಸರಗೋಡುಗಳ ಕಡೆ ಮುರಕಲ್ಲಿನ ಗುಡ್ಡದಿಂದ ನೀರಿನ ಒರತೆಯನ್ನು ಹೀಗೆ ಹೊರಗೆ ತರುವುದು ಹಳೆಯ ಪದ್ಧತಿ. ಕೂಲಿ ಮುಗಿಸಿ ಬಂದ ಮೇಲೆ ದೀಪದ ಬೆಳಕಿನಲ್ಲಿ ಒಬ್ಬರೇ ಅಗೆದರು. ಒಂದರ ಮೇಲೊಂದರಂತೆ ಐದು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಆರನೆಯದರಲ್ಲಿ ಸಿಕ್ಕಿತು. ಇಂದು ಆ ಬೋಳು ಗುಡ್ಡ ತೋಟವಾಗಿದೆ. ಐದನೆಯ ಸುರಂಗ ಬರಿದಾದ ದಿನ ಅವರನ್ನು ಕಂಡು ‘ಕಾಲ ಮಿಂಚಿತು’ ಎಂದು ಉಪದೇಶಿಸಿದವರು ಇರಲಾರರು ಎಂದು ನನಗೆ ಅನಿಸುವುದಿಲ್ಲ.

ಘಟ್ಟದ ಬುಡದಲ್ಲಿ

ಬಂಟ್ವಾಳದಿಂದ ಬೆಳ್ತಂಗಡಿಯ ಬಸ್ಸು ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳನ್ನು ಹಾದು ಹೋಗುತ್ತದೆ. ಗುರುವಾಯನಕೆರೆಯಲ್ಲಿ ಹೆಸರಿಗೆ ತಕ್ಕಂತೆ ಒಂದು ದೊಡ್ಡ ಕೆರೆ ಇದೆ. ಬೆಳ್ತಂಗಡಿಯನ್ನು ಸಮೀಪಿಸುತ್ತಿರುವಂತೆ ಎಡಗಡೆಗೆ ಗಡಾಯಿಕಲ್ಲು ತಲೆಯೆತ್ತುತ್ತದೆ. ಒಂಟಿಯಾಗಿ ನಿಂತ ಬೃಹತ್ ಬಂಡೆ. ಟಿಪ್ಪು ಸುಲ್ತಾನನು ಅದರ ಮೇಲೆ ಕಟ್ಟಿಸಿದ ಜಮಾಲಾಬಾದಿನ ಕೋಟೆ ಈಗ ಪಾಳುಬಿದ್ದಿದೆ. ಅದರ ಹಿಂದೆ ಕುದುರೆಮುಖದ ಶ್ರೇಣಿಯು ನೀಲಿಯ ಗೋಡೆಯಂತೆ ಹಬ್ಬಿದೆ. ನೇತ್ರಾವತಿಯ ನೀರೆಲ್ಲ ಆ ಗೋಡೆಯ ಕಾಡುಗಳಲ್ಲಿ ಹನಿ ಹನಿಯಾಗಿ ಇಳಿದು ಬಂದದ್ದು.

ಈ ಗೋಡೆಯ ಆಚೆಯ ಮಗ್ಗುಲಲ್ಲಿ ದೊಡ್ಡ ಕಬ್ಬಿಣದ ಗಣಿಯೊಂದು ಕೆಲಸ ಮಾಡುತ್ತಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು. ಅದನ್ನು ನಿಲ್ಲಿಸಲಾಗದೆಂದೇ ಬಹು ಜನರು ತಿಳಿದಿದ್ದರು. ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಕೊನೆಯಲ್ಲಿ ಅದು ನಿಂತಿತು. ಅಗೆದುಹೋದ ಗುಡ್ಡ ಮರಳಿ ಬರಲಿಲ್ಲ. ಅಗೆಯದೆ ಉಳಿದ ಗುಡ್ಡಗಳು ಉಳಿದವು.

ಬೆಳ್ತಂಗಡಿಯಿಂದ ಉಜಿರೆಯ ಮೇಲೆ ಚಾರ್ಮಾಡಿಯ ಕಡೆಗೆ ಹೋದೆ. 2019ರ ಆಗಸ್ಟಿನಲ್ಲಿ ಈ ಗೋಡೆಯ ಹಲವು ಕಡೆ ಗುಡ್ಡ ಜರಿದು, ಮಣ್ಣು, ಬಂಡೆ, ಬುಡಸಹಿತ ಕಿತ್ತ ಮರಗಳು ಹೊಳೆಯ ಜತೆ ಕೆಳಗಿಳಿದವು. ಚಾರ್ಮಾಡಿ ಘಾಟಿಯ ರಸ್ತೆ ಕುಸಿದು ಸಂಚಾರ ನಿಂತಿತು. ಘಟ್ಟದ ಬುಡದ ಹಳ್ಳಿಗಳಲ್ಲಿ ಸೇತುವೆಗಳು ಮುರಿದವು, ಮನೆಗಳು ಹೋದವು. ಚಾರ್ಮಾಡಿ ಗ್ರಾಮದ ಕೊಳಂಬೆಯಲ್ಲಿ ಮೃತ್ಯುಂಜಯ ಹೊಳೆ ದಿಕ್ಕು ತಪ್ಪಿ ಬಂದು, ಗದ್ದೆ ತೋಟಗಳ ಮೇಲೆ ಮರಳಿನ ರಾಶಿಯನ್ನು ಸುರಿದು ಹೋಯಿತು. ಒಂದು ಗದ್ದೆಯ ಮೇಲ್ಮಣ್ಣು ಹದವಾಗಲು ಎಷ್ಟು ತಲೆಮಾರುಗಳ ಗೊಬ್ಬರ, ಸೊಪ್ಪು, ಬೆವರು ಬೇಕೆಂದು ಬೇಸಾಯಗಾರರನ್ನು ಕೇಳಬೇಕು. ಅದು ಒಂದು ಹಗಲಿನಲ್ಲಿ ಹೋಯಿತು. ಆ ಮಣ್ಣಿನ ಮಟ್ಟಿಗೆ ಕಾಲ ಮಿಂಚಿದ್ದು ನಿಜವೆಂದೇ ಒಪ್ಪಬೇಕು.

ಆದರೆ ಕೊಳಂಬೆಯ ಕತೆ ಅಲ್ಲಿಗೆ ಮುಗಿಯಲಿಲ್ಲ. ‘ಬದುಕು ಕಟ್ಟೋಣ ಬನ್ನಿ’ ಎಂಬ ಹೆಸರಿನಲ್ಲಿ ಕೂಡಿದ ಉಜಿರೆಯ ಕಡೆಯ ಯುವಕರು, ವಿದ್ಯಾರ್ಥಿಗಳು, ಊರವರ ಜತೆ ಸೇರಿ ಮನೆಗಳನ್ನು ಎಬ್ಬಿಸಿದರು. ಮರಳನ್ನು ಸರಿಸಿ ಗದ್ದೆಯಲ್ಲಿ ಮತ್ತೆ ನೇಜಿ ನೆಟ್ಟರು. ಮೊದಲಿನ ಗದ್ದೆ ಅದಲ್ಲ. ಆದರೂ ಅದು ಗದ್ದೆ.

ನನ್ನ ಪ್ರಶ್ನೆಗೆ ನೇರವಾದ ಉತ್ತರ ದೊರೆತದ್ದು ಅದೇ ತಾಲೂಕಿನ ಒಂದು ಸಣ್ಣ ತೋಡಿನ ಬದಿಯಲ್ಲಿ. ಏಳೆಂಟು ಮಂದಿ ಸೇರಿ ಅಲ್ಲಿ ‘ಕಟ್ಟ’ ಕಟ್ಟುತ್ತಿದ್ದರು. ಕಟ್ಟವೆಂದರೆ ಮಳೆ ನಿಂತ ಮೇಲೆ ಹರಿವ ತೋಡಿಗೆ ಅಡ್ಡಲಾಗಿ ಹಾಕುವ ತಾತ್ಕಾಲಿಕವಾದ ಒಡ್ಡು. ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸೀಳುಗಳಿಂದ ಕಟ್ಟುವುದು ಹಿಂದಿನ ಕ್ರಮ. ಈಗ ಪ್ಲಾಸ್ಟಿಕ್ ಹಾಳೆ, ಮರಳಿನ ಚೀಲಗಳೂ ಸೇರಿವೆ. ನಿಂತ ನೀರು ಬದಿಯ ತೋಟಕ್ಕೆ ಸಿಗುತ್ತದೆ. ಅದಕ್ಕಿಂತ ಹೆಚ್ಚಾಗಿ ನೆಲಕ್ಕೆ ಇಂಗಿ ಸುತ್ತಲಿನ ಬಾವಿಗಳನ್ನು ಬೇಸಗೆಯವರೆಗೂ ಕಾಯುತ್ತದೆ. ಹಿಂದೆ ಏಣೆಲು, ಸುಗ್ಗಿಗಳಾದ ಮೇಲೆ ಕೊಳಕೆ ಎಂಬ ಮೂರನೆಯ ಬೆಳೆಯನ್ನು ಬೆಳೆಯುತ್ತಿದ್ದುದು ಈ ಕಟ್ಟಗಳ ಬಲದಿಂದಲೇ. ಮುಂದಿನ ಮಳೆಗಾಲಕ್ಕೆ ಮೊದಲು ಅದನ್ನು ಬಿಡಿಸುವುದು, ಮರುವರ್ಷ ಮತ್ತೆ ಕಟ್ಟುವುದು. ಕೊಳವೆಬಾವಿಗಳು ಬಂದ ಮೇಲೆ ಈ ಕೆಲಸ ಬಹು ಕಡೆ ಬಿಟ್ಟುಹೋಯಿತು. ಬಾವಿಗಳು ಬತ್ತತೊಡಗಿದ ಮೇಲೆ ಕೆಲವೆಡೆ ಮತ್ತೆ ಆರಂಭವಾಗಿದೆ.

ಕೆಲಸದ ನಡುವೆ ಎಲೆಯಡಿಕೆಗೆ ಕುಳಿತ ವೃದ್ಧರೊಬ್ಬರು, ಈ ಬಾರಿ ಕಟ್ಟುವುದು ತಡವಾಯಿತೆಂದೂ, ತೋಡಿನ ಹರಿವು ಆಗಲೇ ಇಳಿದಿದೆಯೆಂದೂ ಹೇಳಿದರು. “ಹಾಗಾದರೆ ಈ ವರ್ಷ ಬಿಡಬಹುದಿತ್ತಲ್ಲ ಅಜ್ಜ?” ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅದೆಂಥ ಮಾತು ಮಾಸ್ಟ್ರೇ? ತಡವಾದರೆ ನೀರು ಕಡಿಮೆ ನಿಲ್ಲುತ್ತದೆ. ಕಟ್ಟದಿದ್ದರೆ ನಿಲ್ಲುವುದೇ ಇಲ್ಲ. ಇದರಲ್ಲಿ ಯೋಚನೆ ಮಾಡಲಿಕ್ಕೆ ಏನುಂಟು?” ಎಂದರು.

ಭೂಮಿಯ ಹವೆಯ ವಿಷಯದಲ್ಲಿ ವಿಜ್ಞಾನಿಗಳು ಸಾವಿರಾರು ಪುಟಗಳಲ್ಲಿ ಬರೆದಿರುವುದರ ಸಾರವೂ ಇದೇ ಆಗಿದೆಯೆಂದರೆ ವಾಚಕರು ಅತಿಶಯೋಕ್ತಿಯೆಂದು ಭಾವಿಸಬಾರದು. ಕೈಗಾರಿಕೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡು ಸುಮಾರು 280 ಭಾಗವಿತ್ತು; ಇಂದು 420ನ್ನು ದಾಟಿದೆ. 19ನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2024ನೆಯ ಇಸವಿಯ ಉಷ್ಣಮಾನ ಒಂದೂವರೆ ಡಿಗ್ರಿಗಿಂತಲೂ ತುಸು ಮೇಲಕ್ಕೆ ಹೋಯಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ರಾಷ್ಟ್ರಗಳು ದಾಟದಿರಲು ಯತ್ನಿಸುವೆವೆಂದ ಗೆರೆ ಅದೇ. ಒಂದು ವರ್ಷ ದಾಟಿದ ಮಾತ್ರಕ್ಕೆ ಗೆರೆ ಶಾಶ್ವತವಾಗಿ ಅಳಿಸಿತೆಂದಲ್ಲವಾದರೂ ಲಕ್ಷಣ ಒಳ್ಳೆಯದಲ್ಲ. ಆದರೆ ಒಂದೂವರೆಯ ಆಚೆಗೆ ಪಾತಾಳವಿಲ್ಲ. ಇರುವುದು ಒಂದು ಮುಕ್ಕಾಲು, ಎರಡು, ಎರಡೂವರೆ ಎಂಬ ಮೆಟ್ಟಿಲುಗಳು. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಕಷ್ಟದ್ದು. ಉಷ್ಣಮಾನದ ಏರಿಕೆಯು ಈವರೆಗೆ ಬಿಟ್ಟ ಇಂಗಾಲದ ಒಟ್ಟು ಮೊತ್ತಕ್ಕೆ ಅನುಗುಣವಾಗಿರುವುದರಿಂದ, ಬಿಡದೆ ಉಳಿಸಿದ ಪ್ರತಿಯೊಂದು ಟನ್ನೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಸಂಗತಿ ನಮ್ಮ ತರುಣರಿಗೆ ತಿಳಿದಿರುವುದು ಕಡಿಮೆ. ಜಗತ್ತು ಇಂಗಾಲ ಬಿಡುವುದನ್ನು ಪೂರ್ತಿಯಾಗಿ ನಿಲ್ಲಿಸಿದರೆ ಉಷ್ಣಮಾನದ ಏರಿಕೆಯೂ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆಂದು ಇಂದಿನ ವಿಜ್ಞಾನ ಹೇಳುತ್ತದೆ. ಕಡಲಿನ ಮಟ್ಟ ಮಾತ್ರ ಅದಾದ ಮೇಲೂ ಶತಮಾನಗಳ ಕಾಲ ಏರುತ್ತಲೇ ಇರುವುದು. ಅಂದರೆ ಕೆಲವು ನಷ್ಟಗಳು ಈಗಾಗಲೇ ಬರೆದಾಗಿವೆ. ಮಿಕ್ಕವು ಇನ್ನೂ ಬರೆದಾಗಿಲ್ಲ.

ಅಜ್ಜನನ್ನು ಮತ್ತೊಂದು ಮಾತು ಕೇಳಿದೆ: ಮಳೆಗಾಲದ ಆ ಬೊಳ್ಳಕ್ಕೆ ಈ ಕಟ್ಟ ಏನು ಮಾಡೀತು? “ಏನೂ ಮಾಡುವುದಿಲ್ಲ ಮಾರಾಯ್ರೆ. ಅದು ನಮ್ಮ ಕೈಯಲ್ಲಿಲ್ಲ” ಎಂದು ಎದ್ದು ಕೆಲಸಕ್ಕೆ ಹೋದರು. ಅವರು ಹೇಳಿದ್ದು ಸತ್ಯ. ಕಟ್ಟವೂ ಸುರಂಗವೂ ಬಂದ ಕಷ್ಟವನ್ನು ತಾಳಿಕೊಳ್ಳುವ ಉಪಾಯಗಳು. ಬರುವ ಕಷ್ಟವನ್ನು ತಗ್ಗಿಸಲು ಹೊಗೆಯೇ ತಗ್ಗಬೇಕು. ಅದು ಯಾರ ಕೈಯಲ್ಲಿದೆ? ಭಾರತೀಯನೊಬ್ಬನ ಪಾಲಿನ ಇಂಗಾಲವು ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ. ಬೆಳ್ತಂಗಡಿಯ ಈ ಅಜ್ಜನ ಪಾಲು ಅದರಲ್ಲೂ ಅಲ್ಪವಾಗಿರಬೇಕು. ಮೊದಲು ಉಂಡವರು ಮೊದಲು ಬೆಲೆ ತೆರಲಿ ಎಂಬ ನಮ್ಮ ವಾದ ನ್ಯಾಯವಾದುದೇ. ಆದರೆ ದೇಶದ ಒಟ್ಟು ಲೆಕ್ಕ ತೆಗೆದರೆ ಚೀನ, ಅಮೆರಿಕಗಳ ನಂತರದ ಸ್ಥಾನ ನಮ್ಮದು. ಆದುದರಿಂದ ನ್ಯಾಯ ಕೇಳುತ್ತಲೇ ನಮ್ಮ ಕೆಲಸವನ್ನೂ ಮಾಡಬೇಕಾಗಿದೆ.

ಆ ಕೆಲಸದ ಎರಡು ಮುಖಗಳೂ ನಮ್ಮ ರಾಜ್ಯದಲ್ಲೇ ಇವೆ. ಪಕ್ಕದ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ಹಡಗಿನಲ್ಲಿ ಬಂದ ಕಲ್ಲಿದ್ದಲು ಸುಡುವ 1,200 ಮೆಗಾವಾಟಿನ ವಿದ್ಯುತ್ ಸ್ಥಾವರವಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ, ಬರಕ್ಕೆ ಹೆಸರಾದ ನೆಲದ ಮೇಲೆ, ಬಿಸಿಲಿನಿಂದ ವಿದ್ಯುತ್ ತೆಗೆಯುವ 2,050 ಮೆಗಾವಾಟಿನ ಸ್ಥಾವರ ತಲೆಯೆತ್ತಿದೆ. ದೇಶದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧ ಪಾಲು 2025ರಲ್ಲಿ ಕಲ್ಲಿದ್ದಲು, ತೈಲಗಳಲ್ಲದ ಮೂಲಗಳದ್ದಾಯಿತು. ಬಳಕೆಗೆ ಬರುವ ವಿದ್ಯುತ್ತಿನಲ್ಲಿ ಮಾತ್ರ ಕಲ್ಲಿದ್ದಲಿನದೇ ಇನ್ನೂ ಮೇಲುಗೈ. ಕಟ್ಟ ಅರ್ಧ ಎದ್ದಿದೆ, ನೀರು ಇನ್ನೂ ಸೋರುತ್ತಿದೆ.

ಓಲೆಗಳ ಊರು

ಗುರುವಾಯನಕೆರೆಗೆ ಹಿಂದಿರುಗಿ, ವಾಯವ್ಯಕ್ಕೆ ತಿರುಗುವ ದಾರಿ ಹಿಡಿದರೆ ವೇಣೂರು. ಫಲ್ಗುಣಿಯ ದಂಡೆಯಲ್ಲಿ, 1604ರಲ್ಲಿ ಅಜಿಲ ಅರಸು ನಿಲ್ಲಿಸಿದ 35 ಅಡಿಯ ಬಾಹುಬಲಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿದ್ದಾನೆ. ಅಲ್ಲಿಂದ ಮುಂದೆ ಮೂಡುಬಿದಿರೆ. ಭರತೇಶವೈಭವದ ಕವಿ ರತ್ನಾಕರವರ್ಣಿಯ ಊರಿದು. 18 ಬಸದಿ, 18 ದೇವಸ್ಥಾನ, 18 ಕೆರೆಗಳ ಊರೆಂದು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಪೂಜೆಯ ತಾಣಗಳಿಗೆ ಸರಿಸಮನಾಗಿ ಕೆರೆಗಳನ್ನೂ ಎಣಿಸಿದ ಹಿರಿಯರ ಬುದ್ಧಿ ಮೆಚ್ಚತಕ್ಕದ್ದು. 1430ರ ಸಾವಿರ ಕಂಬದ ಬಸದಿಯ ಕಂಬಗಳನ್ನು ಎಲ್ಲರೂ ನೋಡುತ್ತಾರೆ. ನೋಡುವವರು ತಲೆಯೆತ್ತಿ ಮಾಡನ್ನೂ ನೋಡಬೇಕು. ಕರಾವಳಿಯ ಮಳೆ ನಿಲ್ಲದೆ ಜಾರಿ ಹೋಗುವಂತೆ ಅಂತಸ್ತು ಅಂತಸ್ತಾಗಿ ಇಳಿಜಾರು ಕೊಟ್ಟು ಕಟ್ಟಿದ್ದಾರೆ. ತಮ್ಮ ಮಳೆಯನ್ನು ಅವರು ಬಲ್ಲವರಾಗಿದ್ದರು.

ನಾನು ಮೂಡುಬಿದಿರೆಯನ್ನು ಕೊನೆಗೆ ಇರಿಸಿಕೊಂಡದ್ದು ಅಲ್ಲಿಯ ಓಲೆಗರಿಗಳ ಸಲುವಾಗಿ. ಜೈನರ ಷಟ್ಖಂಡಾಗಮದ ಹುಟ್ಟಿನ ಕತೆ ಹೀಗಿದೆ. ಶ್ರುತವೆಲ್ಲ ಬಾಯಿಂದ ಬಾಯಿಗೆ ಬರುತ್ತಿದ್ದ ಕಾಲದಲ್ಲಿ ಅದರ ಹೆಚ್ಚಿನ ಭಾಗ ಆಗಲೇ ಮರೆತುಹೋಗಿತ್ತಂತೆ. ಗಿರಿನಾರಿನ ಗವಿಯಲ್ಲಿದ್ದ ವೃದ್ಧ ಆಚಾರ್ಯ ಧರಸೇನರು, ಉಳಿದಷ್ಟಾದರೂ ತಮ್ಮೊಡನೆ ಅಳಿಯಬಾರದೆಂದು, ಪುಷ್ಪದಂತ, ಭೂತಬಲಿಗಳೆಂಬ ಇಬ್ಬರು ಮುನಿಗಳನ್ನು ಕರೆಸಿ ಕಲಿಸಿದರು. ಅವರು ಅದನ್ನು ಗ್ರಂಥವಾಗಿಸಿದರು. ಮುಂದೆ ವೀರಸೇನರು ಅದಕ್ಕೆ ಧವಳಾ ಎಂಬ ಮಹಾವ್ಯಾಖ್ಯಾನವನ್ನು ಬರೆದರು. ಕಾಲಾಂತರದಲ್ಲಿ ಈ ಸಿದ್ಧಾಂತ ಗ್ರಂಥಗಳ ಪ್ರತಿಗಳು ಬೇರೆಲ್ಲಿಯೂ ಇಲ್ಲವಾಗಿ, ಮೂಡುಬಿದಿರೆಯ ಗುರುಬಸದಿಯಲ್ಲಿದ್ದ ಹಳಗನ್ನಡ ಲಿಪಿಯ ತಾಳೆಯೋಲೆಗಳು ಮಾತ್ರ ಉಳಿದವು. ಭಕ್ತರು ಅವುಗಳನ್ನು ದೂರದಿಂದ ದರ್ಶನ ಮಾಡಿ ಕೈಮುಗಿಯುತ್ತಿದ್ದರು, ಓದುವವರಿರಲಿಲ್ಲ. ಓಲೆಗಳು ಜೀರ್ಣವಾಗುತ್ತ ಬಂದವು, ಕೆಲವು ಮುರಿದು ನಷ್ಟವಾದವು.

1896ರಲ್ಲಿ ಪಂಡಿತರು ಪ್ರತಿ ಮಾಡತೊಡಗಿದರು. ಆ ಕೆಲಸ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಳಾದ ಮೊದಲ ಸಂಪುಟ ಅಚ್ಚಾಯಿತು. ಸುಮಾರು ಇಪ್ಪತ್ತು ವರ್ಷಗಳಲ್ಲಿ 16 ಸಂಪುಟಗಳು ಹೊರಬಂದವು. ನಷ್ಟವಾದ ಓಲೆಗಳ ಜಾಗದಲ್ಲಿ ಅಚ್ಚಿನ ಪುಟದಲ್ಲೂ ಖಾಲಿ ಬಿಡಬೇಕಾಯಿತು. ಆ ಖಾಲಿ ಜಾಗಗಳನ್ನು ನೋಡಿದವನಿಗೆ ‘ತಡವಾಯಿತು’ ಎಂಬ ಮಾತು ಸುಳ್ಳೆನಿಸದು. ಆದರೆ ಖಾಲಿ ಜಾಗದ ಹಿಂದೆಯೂ ಮುಂದೆಯೂ ಇರುವ ಸಾವಿರಾರು ಪುಟಗಳು, ಹೇಗೂ ತಡವಾಯಿತೆಂದು ಪಂಡಿತರು ಕೈಚೆಲ್ಲಿದ್ದರೆ ಇರುತ್ತಿರಲಿಲ್ಲ.

‘ಕಾಲ ಮಿಂಚಿತೆ?’ ಎಂಬ ಪ್ರಶ್ನೆಯನ್ನು ಇಡೀ ಭೂಮಿಗೆ ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲವೆಂದು ಈ ಮೂರು ದಿನಗಳಲ್ಲಿ ನನಗೆ ತೋರಿತು. ಯಾವುದಕ್ಕೆ ಮಿಂಚಿತೆಂದು ಒಂದೊಂದಾಗಿ ಕೇಳಬೇಕು. ಕೊಳಂಬೆಯ ಹಳೆಯ ಮೇಲ್ಮಣ್ಣಿಗೆ ಮಿಂಚಿತು. ಅಲ್ಲಿಯ ಗದ್ದೆಗೆ ಮಿಂಚಲಿಲ್ಲ. ಒಂದೂವರೆ ಡಿಗ್ರಿಗೆ ಬಹುಶಃ ಮಿಂಚುತ್ತಿದೆ. ಎರಡಕ್ಕೂ ಎರಡೂವರೆಗೂ ಇನ್ನೂ ಇಲ್ಲ. ಆ ಅಂತರದಲ್ಲಿ ಎಷ್ಟು ಹಳ್ಳಿಗಳ ಬಾವಿಯೂ ಮನೆಯೂ ಅಡಗಿವೆಯೆಂಬುದನ್ನು ನೇತ್ರಾವತಿಯ ದಂಡೆಯವರು 2019ರಲ್ಲೇ ಕಂಡಿದ್ದಾರೆ. ತರುಣರು ತಮ್ಮ ತೀರ್ಮಾನವನ್ನು ಇಷ್ಟು ಬಿಡಿಸಿ ನೋಡಿದರೆ, ಬೇಸರದ ಜತೆಗೆ ಮಾಡಲು ಕೆಲಸವೂ ಸಿಗುತ್ತದೆ.

ಈ ಕಡೆಗೆ ಪ್ರವಾಸ ಹೋಗಬಯಸುವವರು ಡಿಸೆಂಬರಿನಲ್ಲಿ ಹೋಗುವುದು ಒಳ್ಳೆಯದು. ಬಸದಿಗಳನ್ನೂ ಘಟ್ಟದ ಸೊಬಗನ್ನೂ ನೋಡಬಹುದು. ದಾರಿಯಲ್ಲಿ ಯಾವುದಾದರೊಂದು ತೋಡಿನಲ್ಲಿ ಕಟ್ಟ ಕಟ್ಟುತ್ತಿರುವುದು ಕಂಡರೆ ಇಳಿದು ನಾಲ್ಕು ಕಲ್ಲು ಎತ್ತಿಕೊಡಿರಿ, ಅವರು ಬೇಡವೆನ್ನುವುದಿಲ್ಲ. ಅನುಕೂಲವಾದರೆ ಮೇ ತಿಂಗಳಲ್ಲಿ ಮತ್ತೊಮ್ಮೆ ಹೋಗಿ, ಹತ್ತಿರದ ಬಾವಿಯಲ್ಲಿ ನೀರು ಎಷ್ಟು ಅಡಿ ಉಳಿದಿದೆಯೆಂದು ಇಣಿಕಿ ನೋಡಿ ಬನ್ನಿರಿ.